ಸೀಸದ ಲೆಕ್ಕ ಮನೆಬಾಗಿಲಲ್ಲೇ ಆಗಲಿ

ನನ್ನ ಬೇಡಿಕೆ ದೊಡ್ಡದಲ್ಲ. ಹೆದ್ದಾರಿ 66ರ ಗುಂಟ ಕಾರವಾರ ತಾಲ್ಲೂಕಿನ ಬಿಣಗಾ, ಅರ್ಗಾ, ಚೆಂಡಿಯಾ, ತೋಡೂರು, ಅಮದಳ್ಳಿಯಿಂದ ಹಿಡಿದು ಅಂಕೋಲೆಯ ಬೇಲೇಕೇರಿಯವರೆಗಿನ ಊರುಗಳಲ್ಲಿ ಆರು ವರ್ಷದೊಳಗಿನ ಮಕ್ಕಳ ಮತ್ತು ಬಸುರಿಯರ ರಕ್ತದಲ್ಲಿ ಸೀಸ ಎಷ್ಟಿದೆ ಎಂದು ನೋಡಬೇಕು. ಅದಕ್ಕಾಗಿ ಅವರು ಕಾರವಾರಕ್ಕೋ ಮಣಿಪಾಲಕ್ಕೋ ಅಲೆಯಬಾರದು. ಆರೋಗ್ಯ ಕಾರ್ಯಕರ್ತೆಯೇ ಜಗಲಿಗೆ ಬಂದು ಬೆರಳಿನಿಂದ ಒಂದೆರಡು ಹನಿ ತೆಗೆದುಕೊಂಡು ಹೋಗಬೇಕು. ದಿನವೂ ಮೀನು ತಿನ್ನುವ ಕುಟುಂಬಗಳಲ್ಲಿ ಪಾದರಸವನ್ನೂ ನೋಡಬೇಕು. ಸಕ್ಕರೆ ಕಾಯಿಲೆಯವರು ಮನೆಯಲ್ಲೇ ಅಂಕಿ ನೋಡಿಕೊಳ್ಳುವ ಹಾಗೆ ಲೋಹಕ್ಕೂ ಒಂದೊಂದು ಯಂತ್ರ ಮನೆಮನೆಗೆ ಕೊಡಿ ಎಂದು ನಾನು ಕೇಳುತ್ತಿಲ್ಲ. ಮಾದರಿ ಮನೆಯಲ್ಲಿ, ಅಳತೆ ಪ್ರಯೋಗಾಲಯದಲ್ಲಿ. ಇಷ್ಟೇ.

ಈ ಮಾತು ಎತ್ತಿದಲ್ಲೆಲ್ಲ ಆಕ್ಷೇಪಗಳು ಎದುರಾಗುತ್ತವೆ. ವೈದ್ಯರದು ಒಂದು ಬಗೆ, ಮೀನು ವ್ಯಾಪಾರದವರದು ಇನ್ನೊಂದು, ಕಾರ್ಖಾನೆ ಕೆಲಸವನ್ನೇ ನೆಚ್ಚಿಕೊಂಡ ಮನೆಗಳದು ಮತ್ತೊಂದು. ಇವರಲ್ಲಿ ಯಾರೂ ಕೆಟ್ಟ ಉದ್ದೇಶದಿಂದ ಮಾತಾಡುತ್ತಿಲ್ಲ. ಆದ್ದರಿಂದಲೇ ಒಬ್ಬೊಬ್ಬರಿಗೂ ಉತ್ತರ ಸಲ್ಲಬೇಕು.

ಮನೆಯಲ್ಲಿ ರಕ್ತ ತೆಗೆಯುವುದೇ ತಪ್ಪು, ಅದೆಲ್ಲ ಆಸ್ಪತ್ರೆಯಲ್ಲಿ ನಡೆಯಬೇಕಾದ ಕೆಲಸ ಎಂಬುದು ಮೊದಲ ಆಕ್ಷೇಪ. ಇದನ್ನು ಹೇಳುವವರು ನಮ್ಮ ಜಿಲ್ಲೆಯ ಆರೋಗ್ಯ ಇಲಾಖೆಯ ಚರಿತ್ರೆಯನ್ನೇ ಮರೆತಂತಿದೆ. ಉತ್ತರ ಕನ್ನಡ ಆನೆಕಾಲು ರೋಗದ ಸೀಮೆ. ಆ ರೋಗದ ಮರಿಹುಳುಗಳು ಹಗಲು ಹೊತ್ತು ಮೈಯ ಒಳಭಾಗದಲ್ಲಿದ್ದು ರಾತ್ರಿ ಮಾತ್ರ ಹೊರಗಿನ ರಕ್ತನಾಳಗಳಿಗೆ ಬರುತ್ತವೆ. ಹೀಗಾಗಿ ಇಲಾಖೆಯ ಸಿಬ್ಬಂದಿ ಊಟ ಮುಗಿಯುವ ಹೊತ್ತಿಗೆ ಬ್ಯಾಟರಿ ಹಿಡಿದು ಮನೆಮನೆಗೆ ಬಂದು, ಮಲಗಿದವರನ್ನೂ ಎಬ್ಬಿಸಿ, ಬೆರಳು ಚುಚ್ಚಿ ಗಾಜಿನ ಪಟ್ಟಿಯ ಮೇಲೆ ರಕ್ತ ಸವರಿಕೊಂಡು ಹೋಗುತ್ತಿದ್ದರು. ಮಲೇರಿಯಾಕ್ಕೂ ಹಾಗೆಯೇ. ಈಗ ರಕ್ತಹೀನತೆ ನೋಡಲು ಅಂಗನವಾಡಿಯಲ್ಲೇ ಮಕ್ಕಳ ಬೆರಳು ಚುಚ್ಚುತ್ತಾರೆ. ಆ ಹನಿಗಳನ್ನು ಯಾರೂ ಅವೈಜ್ಞಾನಿಕ ಎನ್ನಲಿಲ್ಲ. ಹಾಗಾದರೆ ಸೀಸಕ್ಕೆಂದು ತೆಗೆದ ಹನಿ ಮಾತ್ರ ಹೇಗೆ ಅವೈಜ್ಞಾನಿಕವಾಗುತ್ತದೆ?

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಬಲ್ಲ ವೈದ್ಯರಿಂದ ಬರುತ್ತದೆ. ಬೆರಳಿನ ಚರ್ಮದ ಮೇಲೆ ಇರುವ ಸೀಸ ಹನಿಯೊಳಗೆ ಬೆರೆತು ಸುಳ್ಳು ಅಂಕಿ ಕೊಡುತ್ತದೆ ಎನ್ನುತ್ತಾರೆ ಅವರು. ನಿಜ, ಕೊಡುತ್ತದೆ. ಅದರಲ್ಲೂ ಬಲೆಯ ಕೆಲಸ ಮಾಡುವ ಮನೆಯಲ್ಲಿ ಈ ಅಪಾಯ ಹೆಚ್ಚು. ಬೀಸುಬಲೆಯ ಅಂಚಿಗೆ ಕಟ್ಟುವುದು ಸೀಸದ ಗುಂಡುಗಳನ್ನೇ. ಅವುಗಳನ್ನು ಮುಟ್ಟಿದ ಕೈಯನ್ನು ಬರೀ ಸ್ಪಿರಿಟ್ ಹತ್ತಿಯಿಂದ ಒರೆಸಿದರೆ ಸಾಲದು. ಆದರೆ ಇದಕ್ಕೆ ಗೊತ್ತಾದ ಕ್ರಮವೊಂದಿದೆ. ಸೋಪು ಹಚ್ಚಿ, ಉಗುರಿನ ಸಂದಿಯನ್ನೂ ತಿಕ್ಕಿ ಕೈ ತೊಳೆಯಬೇಕು. ತೊಳೆದ ಬೆರಳು ಮತ್ತೆಲ್ಲೂ ತಾಗಬಾರದು. ಗಾಳಿಯಲ್ಲೇ ಆರಿಸಬೇಕು, ಸೀರೆಯ ಸೆರಗಿಗೆ, ಟವೆಲ್ಲಿಗೆ ಒರೆಸಿದರೆ ತೊಳೆದದ್ದೆಲ್ಲ ವ್ಯರ್ಥ. ಆಮೇಲೆ ಸ್ಪಿರಿಟ್, ಆಮೇಲೆ ಸೂಜಿ. ಮೊದಲ ಹನಿಯನ್ನು ಒರೆಸಿ ಎಸೆಯಬೇಕು. ಬೆರಳನ್ನು ಹಿಂಡಬಾರದು. ಎರಡನೆಯ ಹನಿಯಿಂದ ಮಾತ್ರ ಕೊಳವೆ ತುಂಬಬೇಕು.

ಇಷ್ಟು ಮಾಡಿದ ಮೇಲೂ ತಪ್ಪು ನುಸುಳಬಹುದು. ಆದರೆ ಅದು ಯಾವ ದಿಕ್ಕಿನ ತಪ್ಪು ಎಂಬುದನ್ನು ನೋಡಬೇಕು. ಚರ್ಮದ ಕೊಳೆ ಅಂಕಿಯನ್ನು ಏರಿಸುತ್ತದೆಯೇ ಹೊರತು ಇಳಿಸುವುದಿಲ್ಲ. ಯಂತ್ರ ಸರಿಯಿದ್ದು ಬೆರಳಿನ ಹನಿಯಲ್ಲಿ ಸೀಸ ಕಡಿಮೆ ಬಂತೆಂದರೆ ಆ ಮಗುವಿನ ಮಟ್ಟಿಗೆ ನೆಮ್ಮದಿಯಿಂದಿರಬಹುದು. ಹೆಚ್ಚು ಬಂದರೆ ತೋಳಿನ ರಕ್ತನಾಳದಿಂದ ರಕ್ತ ತೆಗೆದು ಮತ್ತೊಮ್ಮೆ ನೋಡಬೇಕು, ಅಲ್ಲಿಯವರೆಗೆ ಯಾರನ್ನೂ ರೋಗಿ ಎಂದು ಕರೆಯಬಾರದು. ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಹೇಳುವುದೂ ಇದನ್ನೇ. ನೂರು ಮಕ್ಕಳನ್ನು ಆಸ್ಪತ್ರೆಗೆ ಹೊರಡಿಸುವ ಬದಲು ಅಂಕಿ ಏರಿದವರನ್ನು ಮಾತ್ರ ಕರೆದೊಯ್ದರೆ ಸಾಕು. ಚಿಕ್ಕ ಕಾಯಿಲೆಗೂ ಮಣಿಪಾಲ, ಗೋವಾದ ಬಾಂಬೋಳಿ, ಹುಬ್ಬಳ್ಳಿ ಎಂದು ಅಲೆಯುವ ಈ ಜಿಲ್ಲೆಯಲ್ಲಿ ಅದರ ಬೆಲೆ ಏನೆಂದು ವೈದ್ಯರಿಗೆ ಗೊತ್ತಿದೆ.

ಯಂತ್ರವೇ ಸರಿಯಿಲ್ಲದಿದ್ದರೆ ಎಂದು ಕೇಳುವವರೂ ಇದ್ದಾರೆ. ಎರಡು ಹನಿಯಿಂದ ಮೂರು ನಿಮಿಷದಲ್ಲಿ ಸೀಸದ ಅಂಕಿ ಕೊಡುವ, ಮೇಜಿನ ಮೇಲಿಡುವ ಲೆಡ್‌ಕೇರ್ ಎಂಬ ಸಲಕರಣೆ ಅಮೆರಿಕದಲ್ಲಿ ವ್ಯಾಪಕವಾಗಿ ಬಳಕೆಯಲ್ಲಿತ್ತು. 2021ರಲ್ಲಿ ಅದರ ಕಿಟ್‌ಗಳು ಇರುವುದಕ್ಕಿಂತ ಕಡಿಮೆ ಅಂಕಿ ತೋರಿಸುತ್ತಿವೆ ಎಂದು ಗೊತ್ತಾಗಿ ಅವುಗಳನ್ನು ಹಿಂದಕ್ಕೆ ಪಡೆಯಬೇಕಾಯಿತು. ಸುಳ್ಳು ನೆಮ್ಮದಿ ಸುಳ್ಳು ಭಯಕ್ಕಿಂತ ಕೆಟ್ಟದ್ದು ಎಂಬ ಅವರ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ಅದಕ್ಕಾಗಿಯೇ ಹನಿಗಳಲ್ಲಿ ಒಂದಷ್ಟನ್ನು ಎರಡನೆಯ ಪ್ರಯೋಗಾಲಯಕ್ಕೂ ಕಳಿಸಿ ತಾಳೆ ನೋಡಬೇಕು ಎನ್ನುತ್ತಿರುವುದು. 

ಇನ್ನು “ನಮ್ಮಲ್ಲಿ ಸೀಸ ಎಲ್ಲಿದೆ, ಬ್ಯಾಟರಿ ಕಾರ್ಖಾನೆ ಇದೆಯೇ?” ಎಂಬ ಪ್ರಶ್ನೆ. ಸೀಸಕ್ಕೆ ಕಾರ್ಖಾನೆಯೇ ಬೇಕೆಂದಿಲ್ಲ. ಅದು 327 ಡಿಗ್ರಿಯಲ್ಲಿ ಕರಗುತ್ತದೆ. ಕಟ್ಟಿಗೆ ಒಲೆಯೇ ಸಾಕು. ಬಲೆಗೆ ಗುಂಡು ಎರಕ ಹೊಯ್ಯಲು ಎಲ್ಲಿ ಹಿತ್ತಲಲ್ಲಿ ಸೀಸ ಕರಗಿಸುತ್ತಾರೋ ಅಲ್ಲಿನ ಮಣ್ಣಿನಲ್ಲಿ ಅದು ದಶಕಗಳ ಕಾಲ ಕೂತಿರುತ್ತದೆ, ಆ ಮಣ್ಣಿನಲ್ಲಿ ಆಡಿದ ಮಗುವಿನ ಬಾಯಿಗೆ ಹೋಗುತ್ತದೆ. ತಾಮ್ರ, ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವಾಗ ತವರದ ಜೊತೆ ಅಗ್ಗದ ಸೀಸ ಬೆರೆಸಿದ್ದರೆ, ಅದರಲ್ಲಿ ಮುರುಗಲ ಹುಳಿ ಹಾಕಿ ಕುದಿಸಿದ ಸಾರಿಗೆ ಸೀಸ ಇಳಿಯುತ್ತದೆ. ಹಳೇ ದೋಣಿಯ, ಹಳೇ ಕಿಟಕಿಯ ಬಣ್ಣ ಕೆರೆದಾಗ ಏಳುವ ಪುಡಿಯಲ್ಲಿ ಇರುತ್ತದೆ. ಮನೆಗೆ ಬಳಿಯುವ ಪೇಂಟಿನಲ್ಲಿ ಸೀಸವನ್ನು ಹತ್ತು ಲಕ್ಷಕ್ಕೆ 90 ಭಾಗಕ್ಕೆ ಮಿತಿಗೊಳಿಸುವ ನಿಯಮ ಜಾರಿಗೆ ಬಂದದ್ದೇ 2017ರ ಕೊನೆಗೆ. ಹೊಳಪಿಗೆಂದು ಬಣ್ಣ ಬೆರೆಸಿದ ಅರಿಶಿನದಲ್ಲಿ, ಕೆಲವು ಕುಂಕುಮ, ಕಾಡಿಗೆಯಲ್ಲಿ ಇರುತ್ತದೆ. 1997ರಿಂದ ಎರಡು ವರ್ಷ ಜಾರ್ಜ್ ಫೌಂಡೇಶನ್ ಬೆಂಗಳೂರೂ ಸೇರಿದಂತೆ ದೇಶದ ದೊಡ್ಡ ನಗರಗಳಲ್ಲಿ ರಕ್ತ ಪರೀಕ್ಷಿಸಿದಾಗ ಅರ್ಧಕ್ಕಿಂತ ಹೆಚ್ಚು ಮಕ್ಕಳಲ್ಲಿ ಸೀಸ ಡೆಸಿಲೀಟರಿಗೆ 10 ಮೈಕ್ರೊಗ್ರಾಂ ದಾಟಿತ್ತು. ಪೆಟ್ರೋಲಿಗೆ ಸೀಸ ಬೆರೆಸುವುದನ್ನು 2000ದಲ್ಲಿ ದೇಶಾದ್ಯಂತ ನಿಲ್ಲಿಸಿದ್ದರ ಹಿಂದೆ ಇಂಥ ಅಂಕಿಗಳ ಒತ್ತಾಯವೂ ಇತ್ತು. ಅಳೆಯುವುದಕ್ಕೆ ಮುಂಚೆ ಆ ತಾಯಂದಿರಿಗೂ ತಮ್ಮ ಮಕ್ಕಳು ಆರೋಗ್ಯವಾಗಿಯೇ ಕಾಣುತ್ತಿದ್ದರು. ಸೀಸದ ಸ್ವಭಾವವೇ ಅದು. ಜ್ವರ ಬರಿಸುವುದಿಲ್ಲ, ಮೈಮೇಲೆ ಕಲೆ ಏಳಿಸುವುದಿಲ್ಲ. ಮಗುವಿನ ಕಲಿಕೆ, ಗಮನ, ಬುದ್ಧಿಯ ಬೆಳವಣಿಗೆಯನ್ನು ಒಳಗಿನಿಂದಲೇ ತಿನ್ನುತ್ತದೆ. ಶಾಲೆಯಲ್ಲಿ ಹಿಂದುಳಿದಾಗ ಬೈಗುಳ ತಿನ್ನುವುದು ಮಗುವೇ.

ಪಾದರಸದ ವಿಷಯದಲ್ಲಿ ಮಾತು ಬಿಸಿಯೇರುತ್ತದೆ. “ಅದೆಲ್ಲ ಹಳೇ ಕಥೆ, ಬಿಣಗಾದ ಕಾಸ್ಟಿಕ್ ಸೋಡಾ ಕಾರ್ಖಾನೆ ಪಾದರಸದ ಬಳಕೆ ಬಿಟ್ಟು ಎಷ್ಟೋ ಕಾಲವಾಯಿತು, ಈಗ ಯಾಕೆ ಕೆದಕುತ್ತೀರಿ?” ಎಂದು ಅಲ್ಲಿ ದುಡಿದವರ ಮನೆಯವರೇ ಕೇಳುತ್ತಾರೆ. ಅವರ ಅನ್ನದ ಪ್ರಶ್ನೆ ನನಗೆ ಅರ್ಥವಾಗುತ್ತದೆ. ಆದರೂ ನಡೆದದ್ದನ್ನು ನಡೆದ ಹಾಗೆ ಹೇಳಬೇಕು. ಹಳೆಯ ವಿಧಾನದಲ್ಲಿ ಕಾಸ್ಟಿಕ್ ಸೋಡಾ ಮಾಡುವಾಗ ಉಪ್ಪುನೀರಿನಲ್ಲಿ ವಿದ್ಯುತ್ ಹರಿಸಲು ಪಾದರಸದ ಹರಿಯುವ ಪದರವನ್ನೇ ಋಣಧ್ರುವವಾಗಿ ಬಳಸುತ್ತಿದ್ದರು. ಸೋಡಿಯಂ ಅದರಲ್ಲಿ ಕರಗುತ್ತದೆ, ಆಮೇಲೆ ನೀರು ಸೇರಿಸಿ ಕಾಸ್ಟಿಕ್ ಬೇರೆ ಮಾಡುತ್ತಾರೆ, ಪಾದರಸ ಮತ್ತೆ ತೊಟ್ಟಿಗೆ ಮರಳುತ್ತದೆ. ಎಲ್ಲವೂ ಮರಳುವುದಿಲ್ಲ. ಸ್ವಲ್ಪ ಆವಿಯಾಗಿ, ಸ್ವಲ್ಪ ಕೆಸರಾಗಿ, ಸ್ವಲ್ಪ ತ್ಯಾಜ್ಯದ ನೀರಿನಲ್ಲಿ ಹೊರಗೆ ಹೋಗುತ್ತದೆ. ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಪಿ. ಕೆ. ಕೃಷ್ಣಕುಮಾರ್ ಮತ್ತು ವಿ. ಕೆ. ಪಿಳ್ಳೈ ಕಾರವಾರದ ಕಾಸ್ಟಿಕ್ ಸೋಡಾ ಕಾರ್ಖಾನೆಯ ಬಳಿಯ ಕಡಲಿನ ಪಾದರಸದ ಬಗ್ಗೆಯೇ 1990ರಲ್ಲಿ ‘ಮರೀನ್ ಪೊಲ್ಯೂಷನ್ ಬುಲೆಟಿನ್’ ಪತ್ರಿಕೆಯಲ್ಲಿ ಪ್ರಬಂಧ ಪ್ರಕಟಿಸಿದರು. ಊರವರ ಗಾಳಿಮಾತಲ್ಲ ಅದು. ಕೇಂದ್ರ ಸರ್ಕಾರದ್ದೇ ಸಂಸ್ಥೆಯ ವಿಜ್ಞಾನಿಗಳ ಬರಹ.

ದೇಶದ ಕಾಸ್ಟಿಕ್ ಸೋಡಾ ಉದ್ಯಮ 2003ರಲ್ಲಿ ಪಾದರಸ ಬಿಡುವ ಮಾತು ಕೊಟ್ಟಿತು. ಬಿಣಗಾದಲ್ಲೂ ಈಗ ಮೆಂಬ್ರೇನ್ ವಿಧಾನ. ಇದು ಒಳ್ಳೆಯದಾಯಿತು, ಸಂತೋಷ. ಆದರೆ ಪಾದರಸ ಲೋಹ. ಅದು ಕೊಳೆಯುವುದಿಲ್ಲ, ಸುಟ್ಟು ಹೋಗುವುದಿಲ್ಲ. ಕೆಸರಿನಲ್ಲಿ ಸೇರಿದ್ದನ್ನು ಸೂಕ್ಷ್ಮಜೀವಿಗಳು ಮೀಥೈಲ್ ಪಾದರಸವಾಗಿ ಬದಲಿಸುತ್ತವೆ, ಅದು ಸಣ್ಣ ಜೀವಿಯಿಂದ ಸಣ್ಣ ಮೀನಿಗೆ, ಅಲ್ಲಿಂದ ದೊಡ್ಡ ಮೀನಿಗೆ ಏರುತ್ತ ಹೋಗುತ್ತದೆ. ಕೊಡೈಕನಾಲಿನ ಪಾದರಸದ ಥರ್ಮಾಮೀಟರ್ ಕಾರ್ಖಾನೆ 2001ರಲ್ಲೇ ಬಾಗಿಲು ಹಾಕಿತು. ಅಲ್ಲಿ ದುಡಿದ 591 ಮಂದಿಯ ಜೊತೆ ಕಂಪನಿ ಒಪ್ಪಂದ ಮಾಡಿಕೊಂಡದ್ದು 2016ರಲ್ಲಿ. ಜಪಾನಿನ ಮಿನಮಾಟಾದಲ್ಲಿ ಕಾಯಿಲೆ 1956ರಲ್ಲಿ ಅಧಿಕೃತವಾಗಿ ದಾಖಲಾಯಿತು, ಆದರೂ ಕಾರ್ಖಾನೆಯ ಪಾದರಸವೇ ಕಾರಣ ಎಂದು ಸರ್ಕಾರ ಒಪ್ಪಿಕೊಂಡದ್ದು 1968ರಲ್ಲಿ. ನಡುವಿನ ಹನ್ನೆರಡು ವರ್ಷ ಕೊಲ್ಲಿಗೆ ಪಾದರಸ ಬೀಳುತ್ತಲೇ ಇತ್ತು, ಮೀನುಗಾರರ ಮನೆಗಳಲ್ಲಿ ಮಕ್ಕಳು ಹುಟ್ಟುತ್ತಲೇ ಇದ್ದರು. ಬಿಣಗಾ ಮಿನಮಾಟಾ ಎಂದು ನಾನು ಹೇಳುತ್ತಿಲ್ಲ, ಹೇಳುವುದು ಅನ್ಯಾಯವೂ ಹೌದು. ಹಳೆಯ ಪಾದರಸ ಇವತ್ತಿನ ತಟ್ಟೆಯಲ್ಲಿದೆಯೇ ಇಲ್ಲವೇ ಎಂಬ ಪ್ರಶ್ನೆಗೆ ಅಳತೆಯೊಂದೇ ಉತ್ತರ ಕೊಡಬಲ್ಲದು. ಇಲ್ಲ ಎಂದು ಬಂದರೆ ಅದರಿಂದ ಮೊದಲು ನೆಮ್ಮದಿ ಸಿಗುವುದು ಕಾರ್ಖಾನೆಯವರಿಗೆ.

ಪಾದರಸಕ್ಕೆ ಸೂಜಿಯೇ ಬೇಕಾಗಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಮೀನಿನಿಂದ ಬರುವ ಮೀಥೈಲ್ ಪಾದರಸ ಕೂದಲಿನಲ್ಲಿ ಸೇರಿಕೊಳ್ಳುತ್ತದೆ. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುವುದರಿಂದ, ಬುಡದಿಂದ ಕತ್ತರಿಸಿದ ಒಂದು ಎಳೆಗುಚ್ಛ ಹಿಂದಿನ ಹಲವು ತಿಂಗಳ ಊಟದ ಲೆಕ್ಕ ಕೊಡುತ್ತದೆ. ರಕ್ತ ಹೇಳುವುದು ಈಚಿನ ಎರಡು ಮೂರು ತಿಂಗಳ ಕಥೆಯನ್ನು ಮಾತ್ರ. ಬಸುರಿಗೆ ನೋವಿಲ್ಲದ, ಬಚ್ಚಲಲ್ಲಿ ತಲೆ ಬಾಚುವ ಹೊತ್ತಿಗೆ ಮುಗಿಯುವ ಪರೀಕ್ಷೆ ಅದು. ಕಾರ್ಖಾನೆಯ ಆವಿ ಕುಡಿದವರಿಗಾದರೆ ಮೂತ್ರ ನೋಡಬೇಕು. ಯಾವ ಲೋಹಕ್ಕೆ ಯಾವ ಮಾದರಿ ಎಂಬುದು ಗೊತ್ತಿಲ್ಲದವರ ಕೈಗೆ ಈ ಕೆಲಸ ಕೊಡಬಾರದು ಎಂದು ವೈದ್ಯರು ಹೇಳಿದರೆ ನನ್ನ ಸಹಿಯೂ ಅದಕ್ಕೆ ಇದೆ.

ಮತ್ತೊಂದು ಸಲಹೆ ಬಹಳ ಸಭ್ಯವಾಗಿ ಬರುತ್ತದೆ: ಜನರನ್ನು ಯಾಕೆ ಚುಚ್ಚಬೇಕು, ಬಾವಿಯ ನೀರು, ಮಣ್ಣು, ಮೀನು ಪರೀಕ್ಷಿಸಿ. ಅವನ್ನೂ ಪರೀಕ್ಷಿಸಲಿ. ಆದರೆ ಎಲ್ಲಿ ಹುಡುಕಬೇಕು ಎಂದು ಎಷ್ಟೋ ಸಲ ಮೊದಲು ಹೇಳುವುದು ಮನುಷ್ಯನ ಮೈಯೇ. ನಮ್ಮ ಕಾರವಾರ ತಾಲ್ಲೂಕಿನಲ್ಲೇ ಸಾಕ್ಷಿ ಇದೆ. 2009ರ ನವೆಂಬರಿನಲ್ಲಿ ಕೈಗಾ ಅಣುಸ್ಥಾವರದಲ್ಲಿ ಕುಡಿಯುವ ನೀರಿನ ಕೂಲರಿಗೆ ಟ್ರಿಟಿಯಂ ಇದ್ದ ಭಾರಜಲ ಸೇರಿಸಲಾಗಿತ್ತು. 50ಕ್ಕೂ ಹೆಚ್ಚು ಮಂದಿ ಆ ನೀರು ಕುಡಿದಿದ್ದರು. ಅದು ಬಯಲಾದದ್ದು ನೌಕರರ ಮಾಮೂಲು ಮೂತ್ರ ಪರೀಕ್ಷೆಯಲ್ಲಿ. ಮೂತ್ರದಲ್ಲಿ ಅಂಕಿ ಏರಿದ್ದನ್ನು ಕಂಡ ಮೇಲೆ ಹುಡುಕುತ್ತ ಹೋಗಿ ಕೂಲರ್ ಮುಟ್ಟಿದರು. ಆ ಸ್ಥಾವರದ ನೌಕರನಿಗೆ ಸಿಗುವ ಆ ಕಾವಲು, ಈ ಕಡಲಂಚಿನ ಊರುಗಳ ಮಗುವಿಗೆ ಬೇರೆ ವಿಷದ ವಿಷಯದಲ್ಲಿ ಯಾಕೆ ಸಿಗಬಾರದು? ಬಾಂಗ್ಲಾದೇಶದ ಉದಾಹರಣೆ ಸೀಸದ ವಿಷಯಕ್ಕೆ ಇನ್ನೂ ಹತ್ತಿರದ್ದು. ಅಲ್ಲಿ ಕಾರ್ಖಾನೆಗಳಿಲ್ಲದ ಹಳ್ಳಿಗಳ ಬಸುರಿಯರ ರಕ್ತದಲ್ಲಿ ಸೀಸ ಕಂಡಿತು. ಎಲ್ಲಿಂದ ಎಂದು ಬೆನ್ನುಹತ್ತಿದ ಸಂಶೋಧಕರು ರಕ್ತದ ಸೀಸದ ಐಸೊಟೋಪುಗಳನ್ನು ಮಣ್ಣು, ಪಾತ್ರೆ, ಮಸಾಲೆಗಳ ಜೊತೆ ತಾಳೆ ಹಾಕಿದಾಗ ಸಿಕ್ಕಿಬಿದ್ದದ್ದು ಅರಿಶಿನ. ಹಳದಿ ಹೊಳೆಯಲೆಂದು ಲೆಡ್ ಕ್ರೋಮೇಟ್ ಬಳಿಯುತ್ತಿದ್ದರು. 2019ರಲ್ಲಿ ಮಾರುಕಟ್ಟೆಯ ಮಾದರಿಗಳಲ್ಲಿ ಶೇ. 47ರಲ್ಲಿ ಸೀಸವಿತ್ತು, ಸರ್ಕಾರ ದಾಳಿ ನಡೆಸಿ ದಂಡ ಹಾಕಿದ ಮೇಲೆ 2021ಕ್ಕೆ ಅದು ಸೊನ್ನೆಗೆ ಇಳಿಯಿತು. ರಕ್ತ ನೋಡದೇ ಹೋಗಿದ್ದರೆ ಅರಿಶಿನದ ಮೇಲೆ ಯಾರಿಗೂ ಅನುಮಾನ ಬರುತ್ತಿರಲಿಲ್ಲ.

ಔಷಧವಿಲ್ಲದ ಕಾಯಿಲೆಗೆ ಪರೀಕ್ಷೆ ಯಾಕೆ ಎಂಬವರಿಗೆ ಇದರಲ್ಲೇ ಅರ್ಧ ಉತ್ತರವಿದೆ. ಉಳಿದರ್ಧ ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿಯಲ್ಲಿದೆ. ರಕ್ತದಲ್ಲಿ ಸೀಸ ಡೆಸಿಲೀಟರಿಗೆ 5 ಮೈಕ್ರೊಗ್ರಾಂ ಮುಟ್ಟಿದರೆ ಮೂಲ ಹುಡುಕಿ ದೂರ ಮಾಡಬೇಕು, ಕಬ್ಬಿಣ ಮತ್ತು ಕ್ಯಾಲ್ಸಿಯಂ ಕಡಿಮೆ ಇರುವ ಮಗುವಿಗೆ ಅವನ್ನು ಕೊಡಬೇಕು. ಸೀಸವನ್ನು ಮೈಯಿಂದ ಹೊರಗೆಳೆಯುವ ಔಷಧ ಬೇಕಾಗುವುದು ಮಗುವಿನಲ್ಲಿ ಅಂಕಿ 45 ದಾಟಿದಾಗ. ಮಗುವನ್ನು ಸೀಸದ ಮೂಲದಿಂದ ದೂರ ಮಾಡುವುದೇ ಇಲ್ಲಿ ಚಿಕಿತ್ಸೆ. ಗುಂಡು ಹೊಯ್ಯುವ ಒಲೆಯನ್ನು ಅಂಗಳದಿಂದ ಆಚೆಗೆ ಒಯ್ಯುವುದು, ಬಣ್ಣ ಕೆರೆದು ಬಂದವರು ಬಟ್ಟೆ ಬದಲಿಸಿ ಮಗುವನ್ನು ಎತ್ತಿಕೊಳ್ಳುವುದು, ಕಲಾಯಿಯ ಪಾತ್ರೆ ಬದಲಿಸುವುದು. ರಕ್ತದಲ್ಲಿನ ಸೀಸ ಸುಮಾರು ಒಂದು ತಿಂಗಳಲ್ಲಿ ಅರ್ಧಕ್ಕೆ ಇಳಿಯುತ್ತದೆ, ಮೂಳೆ ಸೇರಿದ್ದು ದಶಕಗಟ್ಟಲೆ ಉಳಿಯುತ್ತದೆ, ಬಸಿರಿನಲ್ಲಿ ಮೂಳೆ ಕರಗಿದಾಗ ಮತ್ತೆ ರಕ್ತಕ್ಕೆ ಬಂದು ಕೂಸಿಗೆ ದಾಟುತ್ತದೆ. ಬೇಗ ಗೊತ್ತಾದಷ್ಟೂ ಮೂಳೆಗೆ ಸೇರುವುದು ಕಡಿಮೆ.

ಮೀನು ಮಾರುವ ಅಕ್ಕಂದಿರ ಭಯವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಚೆಂಡಿಯಾದ ಮಕ್ಕಳ ಕೂದಲಿನಲ್ಲಿ ಪಾದರಸವಂತೆ ಎಂಬ ಸುದ್ದಿ ಹಬ್ಬಿದರೆ ಮರುದಿನ ಅವರ ಬುಟ್ಟಿ ತುಂಬಿದಂತೆಯೇ ಮನೆಗೆ ಮರಳುತ್ತದೆ. ಆದರೆ ಪಾದರಸ ಹೆಚ್ಚು ಸೇರುವುದು ಬೇರೆ ಮೀನುಗಳನ್ನು ತಿಂದು ಬಹುಕಾಲ ಬದುಕುವ ದೊಡ್ಡ ಮೀನುಗಳಲ್ಲಿ, ಅಂದರೆ ಶಾರ್ಕಿನಂಥವುಗಳಲ್ಲಿ. ನಮ್ಮ ನಿತ್ಯದ ಬಂಗಡೆ, ತಾರ್ಲೆ ಅಲ್ಪಾಯುಷಿಗಳು, ಅವುಗಳಲ್ಲಿ ಅದು ಕಡಿಮೆ, ಒಳ್ಳೆಯ ಕೊಬ್ಬು ಹೆಚ್ಚು. ಬಸುರಿಗೆ ಮೀನು ಬಿಡಿ ಎಂದು ಹೇಳುವ ಪ್ರಶ್ನೆಯೇ ಇಲ್ಲ. ಯಾವ ಮೀನು ಎಂಬುದಷ್ಟೇ ಮಾತು. ಅಂಕಿಯಿಲ್ಲದ ಊರಿನಲ್ಲಿ ಗುಸುಗುಸು ಎಲ್ಲ ಮೀನನ್ನೂ ಒಂದೇ ಬುಟ್ಟಿಗೆ ಹಾಕುತ್ತದೆ, ಅಂಕಿಯಿದ್ದರೆ ಬಂಗಡೆಯನ್ನಾದರೂ ಉಳಿಸಿಕೊಳ್ಳಬಹುದು. ಭಯ ಹುಟ್ಟಿಸುತ್ತಾರೆಂಬ ಆರೋಪ ಅಮೆರಿಕದ ಫ್ಲಿಂಟ್ ಊರಿನ ಮಕ್ಕಳ ವೈದ್ಯೆ ಮೋನಾ ಹನ್ನಾ ಅಟಿಶಾ ಅವರ ಮೇಲೂ ಬಂದಿತ್ತು. ಕುಡಿಯುವ ನೀರಿನ ಮೂಲ ಬದಲಾದ ಮೇಲೆ ಮಕ್ಕಳ ರಕ್ತದಲ್ಲಿ ಸೀಸ ಏರಿದೆ ಎಂದು 2015ರ ಸೆಪ್ಟೆಂಬರಿನಲ್ಲಿ ಅವರು ಅಂಕಿ ಮುಂದಿಟ್ಟರು. ಅಧಿಕಾರಿಗಳು ಅಲ್ಲಗಳೆದರು. ಕೆಲವೇ ದಿನಗಳಲ್ಲಿ ತಾವೇ ಲೆಕ್ಕ ಹಾಕಿ ನೋಡಿ ಒಪ್ಪಿಕೊಂಡರು.

ಒಂದು ಆಕ್ಷೇಪವನ್ನು ನಾನು ಎದುರಿಸುವುದಿಲ್ಲ, ಅದನ್ನು ಎತ್ತುವವರ ಜೊತೆ ನಿಲ್ಲುತ್ತೇನೆ. ಮನೆಗೇ ಬಂದು ರಕ್ತ ತೆಗೆದು ಹತ್ತಾರು ಲೋಹಗಳ ಪಟ್ಟಿ ಕೊಡುವ ಖಾಸಗಿ ಪ್ಯಾಕೇಜುಗಳು ಜನರನ್ನು ದಾರಿ ತಪ್ಪಿಸುತ್ತವೆ ಎಂದು ವೈದ್ಯರು ಹೇಳುವುದು ಸರಿ. ಆರ್ಸೆನಿಕ್ ತೆಗೆದುಕೊಳ್ಳಿ. ಕಡಲ ಮೀನಿನಲ್ಲಿ ಇರುವುದು ಬಹುಪಾಲು ಆರ್ಸೆನೊಬೀಟೈನ್ ಎಂಬ ನಿರಪಾಯದ ರೂಪ. ಹಿಂದಿನ ರಾತ್ರಿ ಮೀನುಸಾರು ಉಂಡವರ ಒಟ್ಟು ಆರ್ಸೆನಿಕ್ ಅಳೆದರೆ ಅಂಕಿ ಏರಿಯೇ ಇರುತ್ತದೆ. ಕಾರವಾರ, ಅಂಕೋಲೆಯಲ್ಲಿ ಹಾಗೆ ಅಳೆದರೆ ಊರಿಗೆ ಊರೇ ವಿಷಪೀಡಿತವಾಗಿ ಕಾಣುತ್ತದೆ. ಯಾದಗಿರಿಯ ಕಿರದಳ್ಳಿ ತಾಂಡಾದಲ್ಲಿ ಹಳೇ ಚಿನ್ನದ ಗಣಿಯ ಪಕ್ಕದ ನೀರು ಕುಡಿದು ಚರ್ಮ ಕೆಟ್ಟವರ ಆರ್ಸೆನಿಕ್ ಬೇರೆ, ನಮ್ಮ ಬಂಗಡೆಯ ಆರ್ಸೆನಿಕ್ ಬೇರೆ. ಆ ವ್ಯತ್ಯಾಸ ಹೇಳದ ವರದಿಗೆ ದುಡ್ಡು ಕೊಡಬೇಡಿ. ಲೋಹ ಹೊರಗೆಳೆಯುವ ಔಷಧ ಮೊದಲು ಕುಡಿಸಿ ಆಮೇಲೆ ಮೂತ್ರ ಅಳೆಯುತ್ತೇವೆ ಎನ್ನುವವರ ಬಳಿ ಸುಳಿಯಲೇಬೇಡಿ, ಆ ಔಷಧ ಕೊಟ್ಟರೆ ಯಾರ ಮೂತ್ರದಲ್ಲೂ ಲೋಹ ಏರುತ್ತದೆ. 2005ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಇಂಥ ಔಷಧದ ತಪ್ಪು ರೂಪ ಕೊಟ್ಟು ರಕ್ತದ ಕ್ಯಾಲ್ಸಿಯಂ ಕುಸಿದು ಐದು ವರ್ಷದ ಮಗುವೊಂದು ಸತ್ತಿತು. ಈ ವ್ಯಾಪಾರಕ್ಕೆ ಜಾಗವೇ ಸಿಗಬಾರದು ಎಂದರೆ ಸರಿಯಾದ ಪರೀಕ್ಷೆಯನ್ನು ಸರ್ಕಾರವೇ ಮನೆಬಾಗಿಲಿಗೆ ತರಬೇಕು.

ಕೊನೆಗೆ ಖರ್ಚು, ಮತ್ತು ಯಾರ ಕೆಲಸ ಎಂಬ ಪ್ರಶ್ನೆ. ಸೀಸದ ವಿಷ, ಪಾದರಸದ ವಿಷ ಎರಡನ್ನೂ 1948ರ ಕಾರ್ಖಾನೆ ಕಾಯ್ದೆ ವೈದ್ಯರು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತ್ತು. ಕಾರ್ಖಾನೆಯೊಳಗಿನವನಿಗೆ ಆ ರಕ್ಷಣೆ ಇತ್ತು, ಅವನ ಬಟ್ಟೆ ಒಗೆದ ಹೆಂಡತಿಗೆ, ಆ ಬಟ್ಟೆ ಅಪ್ಪಿಕೊಂಡ ಮಗುವಿಗೆ ಇರಲಿಲ್ಲ. ಆ ಕೊರತೆ ತುಂಬಲು ಹೊಸ ಇಲಾಖೆ ಬೇಡ. ರಕ್ತಹೀನತೆಗೆ ಅಂಗನವಾಡಿಯಲ್ಲಿ ಹೇಗೂ ಬೆರಳು ಚುಚ್ಚುತ್ತಾರೆ. ಕಬ್ಬಿಣದ ಕೊರತೆಯಿದ್ದ ಮಗುವೇ ಸೀಸವನ್ನು ಹೆಚ್ಚು ಹೀರಿಕೊಳ್ಳುವುದರಿಂದ ಎರಡು ಪರೀಕ್ಷೆಯೂ ಒಟ್ಟಿಗೇ ಇರಬೇಕಾದವು. ತಾಯಿ ಕಾರ್ಡು ಪಡೆಯಲು ಬಂದ ಬಸುರಿಗೂ, ಕೈ ಸರಿಯಾಗಿ ತೊಳೆಸಿ, ಅದೇ ಚುಚ್ಚಿನಲ್ಲಿ ಇನ್ನೆರಡು ಹನಿ. ಅಂಗನವಾಡಿಗೆ ಬಾರದ ಕೂಸಿಗೆ, ತಿಂಗಳು ತುಂಬಿದ ಬಸುರಿಗೆ ಮನೆಯಲ್ಲೇ. ಅಂಕಿ ಏರಿದವರ ತೋಳಿನ ರಕ್ತವನ್ನು ಕಾರವಾರದ ವೈದ್ಯಕೀಯ ಕಾಲೇಜಿನಲ್ಲಿ, ಲೋಹದ ಪರೀಕ್ಷೆಗೆಂದೇ ಮಾಡಿದ ಶುದ್ಧ ಕೊಳವೆಯಲ್ಲಿ ತೆಗೆದು ಪ್ರಯೋಗಾಲಯಕ್ಕೆ ಕಳಿಸಲಿ. ಫಲಿತಾಂಶ ಮೊದಲು ತಾಯಿಯ ಕೈಗೆ ಬರಬೇಕು, ಕನ್ನಡದಲ್ಲಿ, ಮುಂದೇನು ಮಾಡಬೇಕೆಂಬ ಎರಡು ಸಾಲಿನ ಜೊತೆ. ಆಮೇಲೆ ಯಾರ ಹೆಸರೂ ಇಲ್ಲದೆ, ಊರಿನ ಒಟ್ಟು ಅಂಕಿಯಾಗಿ, ಗ್ರಾಮಸಭೆಯ ಮುಂದೆ ಬರಬೇಕು.